ಸಣ್ಣ ವ್ಯಾಪಾರವೂ ವರ್ತನೆಯ ಗಿರಾಕಿಯೂ

ವ್ಯಾಪಾರದ ವಿಷಯವಾಗಿ ನಮ್ಮಲ್ಲಿ ನಡೆಯುವ ಚರ್ಚೆಗಳಲ್ಲಿ ಬಂಡವಾಳದ ಮಾತು ಮೊದಲು ಬರುತ್ತದೆ. ಸರಕಿನ ಮಾತು ಅದರ ಹಿಂದೆ ಬರುತ್ತದೆ. ಗಿರಾಕಿಯ ಮಾತು ಬಹುಮಟ್ಟಿಗೆ ಬರುವುದೇ ಇಲ್ಲ. ಅಂಗಡಿಯ ಬಾಗಿಲು ತೆರೆದರೆ ಗಿರಾಕಿ ತಾನಾಗಿಯೇ ಬರುವನೆಂದು ಕೆಲವರು ನಂಬಿರುತ್ತಾರೆ. ಬಾರದಿದ್ದರೆ ಜಾಹೀರಾತು ಕೊಟ್ಟೊಡನೆ ಬರುವನೆಂದು ಮತ್ತೆ ಕೆಲವರು ನಂಬಿರುತ್ತಾರೆ. ಈ ಎರಡು ನಂಬಿಕೆಗಳೂ ಸಣ್ಣ ವರ್ತಕನಿಗೆ ಹಾನಿಕರವಾದುವು. ಮೊದಲನೆಯದು ಅವನನ್ನು ಸೋಮಾರಿಯನ್ನಾಗಿ ಮಾಡುತ್ತದೆ. ಎರಡನೆಯದು ಸಾಲಗಾರನನ್ನಾಗಿ ಮಾಡುತ್ತದೆ. ಸ್ವಲ್ಪವೇ ಹಣವುಳ್ಳವನು ತನ್ನ ವ್ಯಾಪಾರವನ್ನು ಯಾವ ಉಪಾಯಗಳಿಂದ ಬೆಳೆಸಿಕೊಳ್ಳಬಹುದೆಂಬುದನ್ನು ಈ ಭಾಷಣದಲ್ಲಿ ವಿಚಾರಮಾಡೋಣ.

ವಿಚಾರವು ಬರಿಯ ಸಿದ್ಧಾಂತವಾಗಿ ಉಳಿಯಬಾರದೆಂದು ಒಂದು ಸ್ಥಳವನ್ನು ಕಣ್ಣಮುಂದೆ ಇಟ್ಟುಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಪಶ್ಚಿಮಭಾಗದಲ್ಲಿ, ವಿಜಯನಗರದಾಚೆ, ಮಾಗಡಿ ರಸ್ತೆಗೂ ನಾಗರಭಾವಿಗೂ ನಡುವೆ ಮೂಡಲಪಾಳ್ಯವಿದೆ. ಪಾಳ್ಯವೆಂಬ ಹೆಸರೇ ಅದು ಹಿಂದೆ ಊರಾಚೆಯ ಹಳ್ಳಿಯಾಗಿತ್ತೆಂಬುದನ್ನು ನೆನಪಿಗೆ ತರುತ್ತದೆ. ಈಗ ಅದು ಮನೆಗೆ ಮನೆ ಅಂಟಿಕೊಂಡಿರುವ ಬಡಾವಣೆ. ಇಂತಹ ಕಡೆ ಕೆಳಗಿನ ಅಂತಸ್ತಿನಲ್ಲಿ ಅಂಗಡಿ, ಮೇಲಿನ ಅಂತಸ್ತುಗಳಲ್ಲಿ ಸಂಸಾರ, ಇದೇ ಸಾಮಾನ್ಯವಾದ ಕ್ರಮ. ದರ್ಜಿಗಳು, ದಿನಸಿಯವರು, ಬೇಕರಿಯವರು, ಹೂವಿನವರು, ಹಪ್ಪಳ ಸಂಡಿಗೆ ಸಾರಿನಪುಡಿಗಳನ್ನು ಮನೆಯಲ್ಲೇ ಮಾಡಿ ಮಾರುವ ಗೃಹಿಣಿಯರು, ಇವರೆಲ್ಲರ ಜೀವನವು ಸುತ್ತಲಿನ ಹತ್ತಿಪ್ಪತ್ತು ಬೀದಿಗಳ ಮೇಲೆ ನಿಂತಿದೆ. ಅದೇ ಬೀದಿಗಳಿಗೆ ದೊಡ್ಡ ಕಂಪೆನಿಗಳು ಫೋನಿನ ಮೂಲಕ ಆರ್ಡರು ಪಡೆದು ಕೆಲವೇ ನಿಮಿಷಗಳಲ್ಲಿ ಸರಕನ್ನು ಮನೆಬಾಗಿಲಿಗೆ ತಲುಪಿಸುತ್ತಿವೆ. ಕಂಪೆನಿಗೆ ಒಂದು ವರ್ಷದ ನಷ್ಟವನ್ನು ತಡೆದುಕೊಳ್ಳುವ ಶಕ್ತಿಯುಂಟು. ಬೀದಿಯ ವರ್ತಕನಿಗೆ ಮೂರು ತಿಂಗಳ ನಷ್ಟವೆಂದರೆ ಅಂಗಡಿಯ ಮುಂಗಡವೂ ಮಕ್ಕಳ ಶಾಲೆಯ ಶುಲ್ಕವೂ ಒಟ್ಟಿಗೇ ಹೋದಂತೆ. ಆದುದರಿಂದ ಪ್ರಚಾರಕ್ಕಾಗಿ ಅವನು ಖರ್ಚುಮಾಡುವ ಪ್ರತಿಯೊಂದು ರೂಪಾಯಿಯನ್ನೂ ಎಣಿಸಿಯೇ ಖರ್ಚುಮಾಡಬೇಕು.

ದೊಡ್ಡ ತಯಾರಿಕೆಗೆ ದೊಡ್ಡ ಪ್ರಚಾರವು ಸಲ್ಲುತ್ತದೆ. ಮೈಸೂರು ಸ್ಯಾಂಡಲ್ ಸಾಬೂನಿನ ತಯಾರಿಕೆಯು 1918ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅದರ ಶಿಲ್ಪಿಯಾದ ಸೋಸಲೆ ಗರಳಪುರಿ ಶಾಸ್ತ್ರಿಗಳು ಸಾಬೂನನ್ನು ಒಡವೆಯಂತೆ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಟ್ರಾಮಿನ ಟಿಕೆಟ್ಟುಗಳ ಮೇಲೆಯೂ ಬೆಂಕಿಪೊಟ್ಟಣಗಳ ಮೇಲೆಯೂ ಅದರ ಜಾಹೀರಾತು ಅಚ್ಚಾಯಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೂ ನಡೆಯಿತು. ಸರ್ಕಾರದ ಬಂಡವಾಳ, ದೇಶವೆಲ್ಲಾ ಹರಡಿದ ಮಾರಾಟ, ಎಲ್ಲಿಗೆ ಹೋದರೂ ಒಂದೇ ಬಗೆಯ ಸರಕು, ಈ ಮೂರೂ ಇದ್ದುದರಿಂದ ಅಲ್ಲಿ ಆ ಖರ್ಚು ಫಲಿಸಿತು. ಕರಾಚಿಯವನು ಜಾಹೀರಾತನ್ನು ನೋಡಿದರೆ ಕರಾಚಿಯಲ್ಲಿಯೇ ಸಾಬೂನು ದೊರೆಯುತ್ತಿತ್ತು. ಮೂಡಲಪಾಳ್ಯದ ದರ್ಜಿಯು ಮೆಜೆಸ್ಟಿಕ್ಕಿನಲ್ಲಿ ತನ್ನ ಹೆಸರನ್ನು ಬರೆಯಿಸಿದರೆ ಅದನ್ನು ಓದುವ ಸಾವಿರ ಜನರಲ್ಲಿ ಒಬ್ಬನೂ ಕುಪ್ಪಸ ಹೊಲಿಸಲು ಇಷ್ಟು ದೂರ ಬರುವುದಿಲ್ಲ. ಸಾವಿರ ಕಣ್ಣಿಗೆ ಬೀಳುವುದಕ್ಕಿಂತ ಹತ್ತು ಮನೆಗಳಿಗೆ ಬೇಕಾದವನಾಗುವುದು ಅವನಿಗೆ ಮೇಲು.

ಹಳೆಯ ಮೈಸೂರಿನ ಮನೆಗಳಲ್ಲಿ ಹಾಲಿನ ವರ್ತನೆ, ಹೂವಿನ ವರ್ತನೆ ಎಂಬ ಮಾತು ರೂಢಿಯಲ್ಲಿದೆ. ಇಂತಹವರಿಂದ ಇಷ್ಟು ಹಾಲು, ದಿನವೂ ಇಂತಿಷ್ಟು ಮೊಳ ಹೂವು ಎಂದು ಗೊತ್ತುಮಾಡಿಕೊಂಡರೆ ಅದು ವರ್ತನೆ. ತಿಂಗಳ ಕೊನೆಯಲ್ಲಿ ಲೆಕ್ಕ. ಹೂವಿನಾಕೆಗೆ ಬೀದಿಯಲ್ಲಿ ಕೂಗುವ ಶ್ರಮವಿಲ್ಲ. ಮನೆಯವರಿಗೆ ಹುಡುಕುವ ಶ್ರಮವಿಲ್ಲ. ಈ ಒಂದು ಪದದಲ್ಲಿ ಸಣ್ಣ ವ್ಯಾಪಾರದ ಪ್ರಚಾರಶಾಸ್ತ್ರವೆಲ್ಲವೂ ಅಡಗಿದೆಯೆಂದು ನಮ್ಮ ಅಭಿಪ್ರಾಯ. ಹಾದಿಹೋಕನನ್ನು ಗಿರಾಕಿಯನ್ನಾಗಿ ಮಾಡುವುದು ಪ್ರಚಾರದ ಅರ್ಧಭಾಗ ಮಾತ್ರ. ಗಿರಾಕಿಯನ್ನು ವರ್ತನೆಯವನನ್ನಾಗಿ ಮಾಡುವುದು ಉಳಿದ ಅರ್ಧ. ಲಾಭವಿರುವುದು ಆ ಉಳಿದ ಅರ್ಧದಲ್ಲಿಯೇ.

ಇದನ್ನು ಲೆಕ್ಕದಿಂದ ಪರೀಕ್ಷಿಸೋಣ. ಒಬ್ಬ ಗೃಹಿಣಿಯು ಹುಳಿಪುಡಿಯನ್ನು ಮಾಡಿ 200 ಗ್ರಾಮಿನ ಪೊಟ್ಟಣಕ್ಕೆ 60 ರೂಪಾಯಿಯಂತೆ ಮಾರುತ್ತಾಳೆ. ಅದಕ್ಕೆ ಆಕೆಗೆ ತಗಲುವ ವೆಚ್ಚ 45 ರೂಪಾಯಿ ಎಂದು ಭಾವಿಸೋಣ. ಪೊಟ್ಟಣವೊಂದಕ್ಕೆ 15 ರೂಪಾಯಿ ಉಳಿಯುತ್ತದೆ. ಈಗ ಆಕೆ 1,500 ರೂಪಾಯಿ ಕೊಟ್ಟು ಕರಪತ್ರಗಳನ್ನು ಅಚ್ಚುಹಾಕಿಸಿ ದಿನಪತ್ರಿಕೆಯೊಳಗೆ ಇರಿಸಿ ಹಂಚಿಸಿದಳೆನ್ನೋಣ. ಆ ಹಣವು ಹಿಂದಕ್ಕೆ ಬರಬೇಕಾದರೆ 100 ಪೊಟ್ಟಣಗಳು ಹೆಚ್ಚಾಗಿ ಮಾರಾಟವಾಗಬೇಕು. ಅದಕ್ಕೆ ಬದಲಾಗಿ ಒಂದು ಕಿಲೋ ಪುಡಿಯನ್ನು 20 ಗ್ರಾಮಿನ 50 ಚಿಕ್ಕ ಪೊಟ್ಟಣಗಳನ್ನಾಗಿ ಕಟ್ಟಿ, ನೆರೆಹೊರೆಯ 50 ಮನೆಗಳಿಗೆ ತಾನೇ ಹೋಗಿ, ಒಂದು ಹೊತ್ತಿನ ಹುಳಿಗೆ ಬೆರಸಿ ನೋಡಿರೆಂದು ಕೊಟ್ಟಳೆನ್ನೋಣ. ಪುಡಿಯ ವೆಚ್ಚ 225 ರೂಪಾಯಿ, ಪೊಟ್ಟಣದ ವೆಚ್ಚ 50 ರೂಪಾಯಿ, ಒಟ್ಟು 275 ರೂಪಾಯಿ. ಐವತ್ತರಲ್ಲಿ ಹತ್ತು ಮನೆಗಳು ತಿಂಗಳಿಗೊಂದು ಪೊಟ್ಟಣದ ವರ್ತನೆ ಹಿಡಿದರೆ ತಿಂಗಳಿಗೆ 150 ರೂಪಾಯಿ ಉಳಿಯುತ್ತದೆ. ಎರಡು ತಿಂಗಳಿಗೆ ಖರ್ಚು ತೀರಿತು. ವರ್ಷದ ಉಳಿದ ಹತ್ತು ತಿಂಗಳೂ ಲಾಭವೇ. ಹತ್ತರ ಬದಲು ಐದೇ ಮನೆಗಳು ಒಪ್ಪಿದರೂ ನಾಲ್ಕು ತಿಂಗಳಲ್ಲಿ ಖರ್ಚು ಬಂದುಬಿಡುತ್ತದೆ. ಕರಪತ್ರವನ್ನು ಓದಿದವನಿಗೆ ಪುಡಿಯ ರುಚಿ ತಿಳಿಯುವುದಿಲ್ಲ. ಮಾದರಿಯನ್ನು ಉಂಡವನಿಗೆ ಕರಪತ್ರವು ಬೇಕಾಗುವುದಿಲ್ಲ.

ಮಾದರಿ ಕೊಡುವುದಕ್ಕೂ ಬೆಲೆ ಇಳಿಸುವುದಕ್ಕೂ ಬಹಳ ಅಂತರವುಂಟು. ಅನೇಕರು ವ್ಯಾಪಾರ ಕುಗ್ಗಿದೊಡನೆ ನೂರಕ್ಕೆ ಹತ್ತು ರಿಯಾಯಿತಿ ಎಂದು ಬೋರ್ಡು ಹಾಕುತ್ತಾರೆ. ಮೇಲಿನ ಲೆಕ್ಕದಲ್ಲಿಯೇ ನೋಡಿದರೆ 60 ರೂಪಾಯಿಗೆ ಹತ್ತರಷ್ಟೆಂದರೆ 6 ರೂಪಾಯಿ. ಇದು ಬೆಲೆಯಲ್ಲಿ ಹತ್ತನೆಯ ಒಂದು ಪಾಲಾದರೂ ಲಾಭದಲ್ಲಿ ಐದರಲ್ಲಿ ಎರಡು ಪಾಲು. ಮೊದಲು 100 ಪೊಟ್ಟಣಗಳಿಂದ ಬರುತ್ತಿದ್ದ 1,500 ರೂಪಾಯಿ ಲಾಭಕ್ಕೆ ಈಗ 167 ಪೊಟ್ಟಣಗಳನ್ನು ಮಾರಬೇಕು. ಅಷ್ಟು ಪುಡಿಯನ್ನು ಹುರಿಯಬೇಕು, ಕುಟ್ಟಿಸಬೇಕು, ಕಟ್ಟಬೇಕು. ಅಲ್ಲದೆ ಒಮ್ಮೆ ಇಳಿದ ಬೆಲೆಯನ್ನು ಏರಿಸಿದರೆ ಗಿರಾಕಿಯು ಮೋಸಹೋದಂತೆ ಭಾವಿಸುತ್ತಾನೆ. ನಮ್ಮ ಹಿರಿಯರಿಗೆ ಇದಕ್ಕಿಂತ ಉತ್ತಮವಾದ ಉಪಾಯ ಗೊತ್ತಿತ್ತು, ಅದೇ ಕೊಸರು. ಬೆಲೆಯನ್ನು ಮುಟ್ಟದೆ ಅಳತೆಯ ಮೇಲೆ ಒಂದು ಹಿಡಿಯನ್ನು ಹಾಕುವುದು, ಮೊಳ ಹೂವಿನ ಮೇಲೆ ನಾಲ್ಕು ಬೆರಳು ಬಿಡುವುದು, ಹೊಲಿದ ಬಟ್ಟೆಯೊಡನೆ ಉಳಿದ ತುಂಡಿನಲ್ಲಿ ಮಗುವಿಗೊಂದು ಚಿಕ್ಕ ಚೀಲ ಹೊಲಿದುಕೊಡುವುದು, ಇವೆಲ್ಲಾ ಕೊಸರೇ. ವರ್ತಕನಿಗೆ ಅದರ ವೆಚ್ಚ ಅತ್ಯಲ್ಪ; ಕೊಂಡವನ ಮನಸ್ಸಿಗೆ ಆಗುವ ಸಂತೋಷ ಬಹಳ. ರಿಯಾಯಿತಿಯನ್ನು ಗಿರಾಕಿಯು ತನ್ನ ಹಕ್ಕೆಂದು ಎಣಿಸುತ್ತಾನೆ, ಕೊಸರನ್ನು ವರ್ತಕನ ಸೌಜನ್ಯವೆಂದು ನೆನೆಯುತ್ತಾನೆ.

ಇನ್ನು ಹೆಸರು. ಮೈಸೂರಿನಲ್ಲಿ ಎನ್. ರಂಗರಾಯರು 1948ರಲ್ಲಿ ಊದಿನಕಡ್ಡಿಯ ವ್ಯಾಪಾರವನ್ನು ಆರಂಭಿಸಿದರು. ಅವರ ಸರಕಿಗೆ ಸೈಕಲ್ ಎಂಬ ಹೆಸರು ನಿಂತಿತು. ಊದಿನಕಡ್ಡಿಗೂ ಸೈಕಲ್ಲಿಗೂ ಏನು ಸಂಬಂಧವೆಂದು ಕೇಳಬಹುದು. ಆದರೆ ಆ ಹೆಸರನ್ನು ಎಲ್ಲಾ ಭಾಷೆಯವರೂ ಉಚ್ಚರಿಸಬಲ್ಲರು. ಓದು ಬಾರದವನೂ ಚಿತ್ರವನ್ನು ನೋಡಿ ಗುರುತಿಸಬಲ್ಲನು. ಗಿರಾಕಿಯ ಬಾಯಿಂದ ಬಾಯಿಗೆ ಹೋಗಬೇಕಾದ ಹೆಸರು ಬಾಯಿಗೆ ಸುಲಭವಾಗಿರಬೇಕು. ಗಾಂಧಿಬಜಾರಿನಲ್ಲಿ 1943ರಲ್ಲಿ ಹುಟ್ಟಿದ ವಿದ್ಯಾರ್ಥಿ ಭವನವು ತಾನು ಯಾರಿಗಾಗಿ ಹುಟ್ಟಿತೆಂಬುದನ್ನು ಹೆಸರಿನಲ್ಲಿಯೇ ಹೇಳಿತು. ಅಲ್ಲಿಗೆ ಬಂದವರು ಹೊರಗೆ ಹೋಗಿ ಹೇಳಿದುದೂ ಒಂದೇ ಮಾತು: ಅಲ್ಲಿಯ ದೋಸೆ. ಹತ್ತು ಸರಕುಗಳನ್ನು ಸಾಧಾರಣವಾಗಿ ಮಾಡುವವನ ವಿಷಯವಾಗಿ ನೆರೆಯವನಿಗೆ ಹೇಳಲು ಏನೂ ಇರುವುದಿಲ್ಲ. ಒಂದನ್ನು ಚೆನ್ನಾಗಿ ಮಾಡುವವನ ವಿಷಯ ತಾನಾಗಿಯೇ ಮಾತಿಗೆ ಬರುತ್ತದೆ.

ಹೆಸರನ್ನು ಬರೆಯಿಸುವ ಬೋರ್ಡಿನ ವಿಷಯದಲ್ಲಿ ಎರಡು ಮಾತು. ಅಂಗಡಿಯ ಸ್ವಂತ ಬೋರ್ಡು ಒಂದೇ ಸಾರಿ ಖರ್ಚು ಬೇಡುವ ಜಾಹೀರಾತು. ಅದು ವರ್ಷಗಟ್ಟಲೆ ದುಡಿಯುತ್ತದೆ. 2024ರ ತಿದ್ದುಪಡಿಯ ಮೇರೆಗೆ ಕರ್ನಾಟಕದ ವ್ಯಾಪಾರಸ್ಥಳಗಳ ನಾಮಫಲಕಗಳಲ್ಲಿ ನೂರಕ್ಕೆ 60 ಭಾಗ ಕನ್ನಡವಿರಬೇಕು; ಬೀದಿಯ ವರ್ತಕನಿಗೆ ಇದು ಹೊರೆಯಲ್ಲ, ಅವನ ಗಿರಾಕಿಗಳು ಓದುವ ಅಕ್ಷರವೇ ಅದು. ಆದರೆ ಕಡಮೆ ಖರ್ಚಿನದೆಂದು ಕಂಬಗಳಿಗೂ ಗೋಡೆಗಳಿಗೂ ಭಿತ್ತಿಪತ್ರಗಳನ್ನು ಅಂಟಿಸುವುದು ತಪ್ಪು. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು 1981ರ ಕರ್ನಾಟಕದ ಕಾನೂನೊಂದು ನಿಷೇಧಿಸಿದೆ. 2016ರಲ್ಲಿ ರಾಜ್ಯಸರ್ಕಾರವು ಪ್ಲಾಸ್ಟಿಕ್ಕಿನ ಫ್ಲೆಕ್ಸುಗಳನ್ನೂ ನಿಷೇಧಿಸಿತು. ದಂಡ ತೆತ್ತ ಮೇಲೆ ಅಗ್ಗದ ಪ್ರಚಾರವು ಅಗ್ಗವಾಗಿ ಉಳಿಯುವುದಿಲ್ಲ. ನೆರೆಯವನ ಗೋಡೆಯನ್ನು ಕೆಡಿಸಿ ನೆರೆಯವನ ಪ್ರೀತಿಯನ್ನು ಬಯಸುವುದೂ ಉಚಿತವಲ್ಲ.

ಮುಂದಿನದು ನಂಬಿಕೆ. ಲಾಲ್‌ಬಾಗಿನ ಸಮೀಪದ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್., 1924ರಲ್ಲಿ ಮಯ್ಯ ಸೋದರರ ಚಿಕ್ಕ ಕಾಫಿ ಕ್ಲಬ್ಬಾಗಿ ಆರಂಭವಾಯಿತು. ಯಜ್ಞನಾರಾಯಣ ಮಯ್ಯನವರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರಗೃಹಗಳ ಶುಚಿತ್ವವನ್ನು ನೋಡಿ ಬಂದರು. ಆಮೇಲೆ ಅವರು ಮಾಡಿದ ಒಂದು ಏರ್ಪಾಡು ಬಹಳ ಅರ್ಥವುಳ್ಳದ್ದು: ಗಿರಾಕಿಗಳು ಅಡಿಗೆಮನೆಯನ್ನು ನೋಡಿಕೊಂಡು ಊಟದ ಕೋಣೆಗೆ ಹೋಗುವಂತೆ ಮಾಡಿದರು. ‘ನಮ್ಮಲ್ಲಿ ಶುಚಿಯಾಗಿದೆ’ ಎಂದು ಪತ್ರಿಕೆಯಲ್ಲಿ ಅಚ್ಚುಹಾಕಿಸಲು ಹಣ ಬೇಕು, ಮತ್ತು ಅದನ್ನು ಯಾರೂ ನಂಬಬೇಕೆಂಬುದಿಲ್ಲ. ಬಾಗಿಲು ತೆರೆದು ತೋರಿಸಲು ಶುಚಿಯೊಂದೇ ಸಾಕು. 1970ರ ದಶಕದ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲುಗಳ ತಿಂಡಿಗೆ ಸರ್ಕಾರವು ಕಡಮೆ ಬೆಲೆಯನ್ನು ಕಟ್ಟಿತು. ಆಗ ಆ ಸಂಸ್ಥೆಯವರು ಪದಾರ್ಥದ ಗುಣವನ್ನು ಇಳಿಸಲಿಲ್ಲ. ಅಂದಂದಿನ ನಷ್ಟವನ್ನು ಫಲಕದ ಮೇಲೆ ಬರೆದು ಹೊರಗಿಟ್ಟರು. ಕೊನೆಗೆ ಹೋಟೆಲನ್ನು ಕೆಲವು ಕಾಲ ಮುಚ್ಚಬೇಕಾಯಿತು. ಕೆಲಸಗಾರರನ್ನು ಬಿಡಬಾರದೆಂದು ಪುಡಿಗಳನ್ನೂ ಸಿದ್ಧ ಹಿಟ್ಟುಗಳನ್ನೂ ಪೊಟ್ಟಣಗಳಲ್ಲಿ ಮಾರಲು ತೊಡಗಿದರು. ಹೋಟೆಲಿನಲ್ಲಿ ಗಳಿಸಿದ ನಂಬಿಕೆಯೇ ಪೊಟ್ಟಣವನ್ನು ಕೊಳ್ಳಿಸಿತು.

ಸಣ್ಣವರು ಇದನ್ನು ತಮ್ಮ ಅಳತೆಗೆ ಇಳಿಸಿಕೊಳ್ಳಬಹುದು. ಹುಳಿಪುಡಿ ಮಾರುವಾಕೆ ಪೊಟ್ಟಣದ ಮೇಲೆ ಕುಟ್ಟಿಸಿದ ದಿನಾಂಕವನ್ನೂ, ಬೆರಸಿದ ಪದಾರ್ಥಗಳನ್ನೂ, ಆಹಾರ ಸುರಕ್ಷತಾ ಪ್ರಾಧಿಕಾರದವರು ಕೊಡುವ 14 ಅಂಕೆಗಳ ನೋಂದಣಿ ಸಂಖ್ಯೆಯನ್ನೂ ಸ್ಪಷ್ಟವಾಗಿ ನಮೂದಿಸಬೇಕು. ದಿನಸಿಯವನು ತಕ್ಕಡಿಯ ಅಂಕೆಗಳನ್ನು ಗಿರಾಕಿಯ ಕಡೆಗೆ ತಿರುಗಿಸಿಡಬೇಕು. ದರ್ಜಿಯು ಕೊಟ್ಟ ದಿನವನ್ನು ತಪ್ಪಿಸಬಾರದು; ತಪ್ಪುವಂತಿದ್ದರೆ ಹಿಂದಿನ ದಿನವೇ ಹೇಳಿಕಳುಹಿಸಬೇಕು. ಇದರಲ್ಲಿ ಖರ್ಚಿನ ಮಾತೇ ಇಲ್ಲ. ಆದರೂ ಯುಗಾದಿಯ ಹೊತ್ತಿಗೆ ಒಪ್ಪಿದ ದಿನ ಬಟ್ಟೆ ಕೊಟ್ಟ ದರ್ಜಿಯ ಹೆಸರು ಬೀದಿಯಲ್ಲೆಲ್ಲಾ ಹರಡುವಷ್ಟು ಬೇಗ ಯಾವ ಜಾಹೀರಾತೂ ಹರಡುವುದಿಲ್ಲ.

ಗಿರಾಕಿ ಬರುವವರೆಗೆ ಕಾಯದೆ ಅವನಿದ್ದಲ್ಲಿಗೆ ಹೋಗುವುದು ಮತ್ತೊಂದು ಉಪಾಯ. ಕನ್ನಡದ ಕಾದಂಬರಿಕಾರರಾದ ಗಳಗನಾಥರು, 1869ರಿಂದ 1942ರವರೆಗೆ ಜೀವಿಸಿದ್ದವರು, ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದಲ್ಲಿ ಓದುವವರೇ ಇಲ್ಲವೆಂದು ಪಂಡಿತರು ಕೊರಗುತ್ತಿದ್ದ ಕಾಲದಲ್ಲಿ ಅವರು ಓದುವವರನ್ನು ಅವರವರ ಮನೆಯಲ್ಲಿಯೇ ಕಂಡುಹಿಡಿದರು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವರ್ಷದ ಚಂದಾ ಕೊಟ್ಟವರಿಗೆ ಪುಸ್ತಕಗಳನ್ನು ಕಳುಹಿಸಿಕೊಡುವ ಪದ್ಧತಿಯದು. ಪುಸ್ತಕವು ಅಚ್ಚಾಗುವುದಕ್ಕೆ ಮೊದಲೇ ಓದುಗನು ಸಿದ್ಧನಾಗಿರುತ್ತಾನೆ. ಇದು ಹೂವಿನ ವರ್ತನೆಯೇ ಅಲ್ಲದೆ ಬೇರೇನು? ತಿಂಗಳಿಗೆ ಇಷ್ಟೆಂದು ಮುಂಗಡ ಕೊಡುವ 40 ಮನೆಗಳು ದೊರೆತರೆ ತಿಂಡಿ ಮಾಡುವವರಿಗೆ ಎಷ್ಟು ಅಕ್ಕಿ ನೆನಸಬೇಕೆಂಬುದು ಮೊದಲೇ ಗೊತ್ತಾಗುತ್ತದೆ, ಸರಕು ಹಳಸುವುದಿಲ್ಲ, ಬಡ್ಡಿಯ ಸಾಲವನ್ನು ತರಬೇಕಾಗುವುದಿಲ್ಲ.

ಋತುವನ್ನೂ ಮರೆಯಬಾರದು. ಅವರೆಕಾಯಿಯ ಕಾಲ ಬಂದಿತೆಂದರೆ ಬೆಂಗಳೂರಿನ ಮನೆಗಳಲ್ಲಿ ಬೇರೆ ತರಕಾರಿಯ ಮಾತಿಲ್ಲ. ವಿಶ್ವೇಶ್ವರಪುರದ ಶ್ರೀ ವಾಸವಿ ಕಾಂಡಿಮೆಂಟ್ಸ್‌ನವರು ಈ ಒಂದು ಕಾಳಿನ ಸುತ್ತ ಅವರೆಬೇಳೆ ಮೇಳವನ್ನು ಕಟ್ಟಿದರು. ದೋಸೆಯಿಂದ ಜಿಲೇಬಿಯವರೆಗೆ ಎಲ್ಲದರಲ್ಲಿಯೂ ಅವರೆಬೇಳೆ. ನಗರದ ಜನರು ಜನವರಿ ತಿಂಗಳಲ್ಲಿ ಆ ಮೇಳವನ್ನು ತಾವೇ ಕೇಳಿಕೊಂಡು ಬರುವಂತಾಯಿತು. ಸೊಗಡಿನ ಅವರೆಗೆ ಹೆಸರಾದ ಮಾಗಡಿಯ ದಾರಿ ಮೂಡಲಪಾಳ್ಯದ ಸಮೀಪದಲ್ಲೇ ಹಾದುಹೋಗುತ್ತದೆ. ಅಲ್ಲಿಯ ಚಿಕ್ಕ ಹೋಟೆಲಿನವನು ಆ ಆರು ವಾರ ಶನಿವಾರ ಮಾತ್ರ ಹಿಸುಕಿದ ಬೇಳೆಯ ಸಾರನ್ನು ಮಾಡಿ, ಗುರುವಾರವೇ ಬಾಗಿಲಲ್ಲಿ ಕಪ್ಪುಹಲಗೆಯ ಮೇಲೆ ಬರೆದಿಟ್ಟರೆ, ಶನಿವಾರವು ಆ ಬೀದಿಗೆ ಒಂದು ಕಟ್ಟಳೆಯಾಗುತ್ತದೆ. ಅದಕ್ಕೆ ಆಗುವ ಖರ್ಚು ಒಂದು ಸೀಮೆಸುಣ್ಣದ ಕಡ್ಡಿ.

ಒಬ್ಬನಿಂದಾಗದುದನ್ನು ಹಲವರು ಕೂಡಿ ಮಾಡಬಹುದೆಂಬುದಕ್ಕೆ ಅಯ್ಯಂಗಾರ್ ಬೇಕರಿಗಳೇ ಸಾಕ್ಷಿ. ಚಿಕ್ಕಪೇಟೆಯಲ್ಲಿ 1898ರಲ್ಲಿ ಆರಂಭವಾದ ಬಿ. ಬಿ. ಬೇಕರಿಯಿಂದ ಆ ಪರಂಪರೆ ಹೊರಟಿತು. ಹಾಸನದ ಕಡೆಯಿಂದ ಬಂದ ಕುಟುಂಬಗಳವರು ಕೆಲಸ ಕಲಿತು ಬಡಾವಣೆಗೊಂದರಂತೆ ಅಂಗಡಿಗಳನ್ನು ತೆರೆದರು. ಅವರಿಗೆ ಒಬ್ಬನೇ ಯಜಮಾನನಿಲ್ಲ, ಕೂಡಿದ ಬಂಡವಾಳವಿಲ್ಲ, ಜಾಹೀರಾತಿನ ಇಲಾಖೆಯಿಲ್ಲ. ಆದರೂ ಆ ಎರಡು ಪದಗಳನ್ನು ಓದಿದವನಿಗೆ ಒಳಗೆ ಏನು ದೊರೆಯುವುದೆಂಬುದು ತಿಳಿದಿದೆ. ಸಾಯಂಕಾಲ ಒಲೆಯಿಂದ ತೆಗೆದ ಖಾರದ ಬನ್ನಿನ ಪರಿಮಳವು ಬೀದಿಯ ಕೊನೆಯವರೆಗೆ ಹೋಗಿ ಉಳಿದ ಕೆಲಸವನ್ನು ಮಾಡುತ್ತದೆ. ಮೂಡಲಪಾಳ್ಯದ ದರ್ಜಿಯು ಬಟ್ಟೆಯಂಗಡಿಯವನ ಹೆಸರನ್ನೂ, ಬಟ್ಟೆಯಂಗಡಿಯವನು ದರ್ಜಿಯ ಹೆಸರನ್ನೂ ಹೇಳುವುದಾದರೆ ಇಬ್ಬರಿಗೂ ಖರ್ಚಿಲ್ಲದ ಪ್ರಚಾರವಾಯಿತು.

ಫೋನಿನ ವಿಷಯವನ್ನು ಬಿಡುವಂತಿಲ್ಲ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು, ವೇಳೆ, ಸ್ಥಳಗಳನ್ನು ನಮೂದಿಸಲು ಶುಲ್ಕವಿಲ್ಲ. 2018ರಲ್ಲಿ ಬಂದ ವ್ಯಾಪಾರಿಗಳ ವಾಟ್ಸಾಪಿನಲ್ಲಿ ಸರಕಿನ ಚಿತ್ರ, ಬೆಲೆಗಳನ್ನು ಇಡಲೂ ಶುಲ್ಕವಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವುಂಟು. ಅದರಲ್ಲಿ ಹಲವರಿಗೆ ಒಟ್ಟಿಗೆ ಕಳುಹಿಸುವ ಪಟ್ಟಿಯ ಸಂದೇಶವು ತಮ್ಮ ಫೋನಿನಲ್ಲಿ ವರ್ತಕನ ನಂಬರನ್ನು ಉಳಿಸಿಕೊಂಡಿರುವವರಿಗೆ ಮಾತ್ರ ತಲುಪುತ್ತದೆ. ಅಂದರೆ ಮೊದಲು ಗಿರಾಕಿಯ ಒಪ್ಪಿಗೆ ಬೇಕು. ಯಂತ್ರವು ಬದಲಾದರೂ ವರ್ತನೆಯ ನಿಯಮ ಬದಲಾಗಲಿಲ್ಲ. ದಿನಕ್ಕೆ ನಾಲ್ಕು ಸಾರಿ ಕಳುಹಿಸುವವನನ್ನು ಜನರು ತಡೆದುಬಿಡುತ್ತಾರೆ. ವಾರಕ್ಕೊಂದು ಸಾರಿ, ಉಪಯೋಗವಾಗುವ ಒಂದೇ ಮಾತು, ಅಷ್ಟು ಸಾಕು.

ಉದ್ರಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ಗಿರಾಕಿಯನ್ನು ಉಳಿಸಿಕೊಳ್ಳುವ ಉಪಾಯವೆಂದು ಸಾಲ ಕೊಡುವವರು ಬಹಳ. ಆದರೆ ಬಾಕಿ ಬೆಳೆದ ಗಿರಾಕಿಯು ಆ ಬೀದಿಯನ್ನೇ ಬಿಟ್ಟು ಬಳಸುದಾರಿಯಲ್ಲಿ ಹೋಗುತ್ತಾನೆ. ಹಣವೂ ಹೋಯಿತು, ಗಿರಾಕಿಯೂ ಹೋದನು. ವರ್ತನೆಗೆ ತಿಂಗಳ ಗಡುವುಂಟು, ಲೆಕ್ಕದ ಪುಸ್ತಕವುಂಟು. ಉದ್ರಿಗೆ ಎರಡೂ ಇಲ್ಲದಿರುವುದೇ ಅಪಾಯ.

ಈ ಉಪಾಯಗಳಲ್ಲಿ ಯಾವುದು ತನಗೆ ಸಲ್ಲುವುದೆಂದು ವರ್ತಕನು ತಿಳಿಯುವುದು ಹೇಗೆ? ಎರಡು ರೂಲು ಎಳೆದ ಒಂದು ನೋಟುಪುಸ್ತಕವು ಸಾಕು. ಹೊಸಬನು ಬಂದಾಗಲೆಲ್ಲಾ ‘ನಮ್ಮ ಅಂಗಡಿ ತಮಗೆ ಹೇಗೆ ತಿಳಿಯಿತು?’ ಎಂದು ವಿನಯದಿಂದ ಕೇಳಿ ಉತ್ತರವನ್ನು ಒಂದು ಕಡೆ ಬರೆಯಬೇಕು. ಆತನು ಎರಡನೆಯ ಸಾರಿ ಬಂದರೆ ಇನ್ನೊಂದು ಕಡೆ ಗುರುತು ಹಾಕಬೇಕು. ಮೂರು ತಿಂಗಳಲ್ಲಿ ಯಾವ ಖರ್ಚು ಜನರನ್ನು ತಂದಿತು, ಯಾವುದು ಅವರನ್ನು ಮತ್ತೆ ತಂದಿತು ಎಂಬುದು ಕಣ್ಣಿಗೆ ಕಾಣುತ್ತದೆ. ಮೊದಲನೆಯ ಸಾಲು ತುಂಬಿ ಎರಡನೆಯದು ಬರಿದಾಗಿದ್ದರೆ ದೋಷವಿರುವುದು ಪ್ರಚಾರದಲ್ಲಲ್ಲ, ಸರಕಿನಲ್ಲಿ ಅಥವಾ ನಡತೆಯಲ್ಲಿ. ಅದನ್ನು ಯಾವ ಜಾಹೀರಾತೂ ತಿದ್ದಲಾರದು.

ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಅಂಗಡಿ ಇಟ್ಟವರು ಕೆಲವರೇ ಇರಬಹುದು, ಕೊಳ್ಳುವವರು ಎಲ್ಲರೂ. ವಿದ್ಯಾವಂತರಾದ ನಾವು ಸರಕು ಕೆಟ್ಟಿದ್ದರೆ ಹತ್ತು ಜನರಿಗೆ ಹೇಳುತ್ತೇವೆ, ಚೆನ್ನಾಗಿದ್ದರೆ ಸುಮ್ಮನಿರುತ್ತೇವೆ. ಬಟ್ಟೆಯನ್ನು ಸರಿಯಾಗಿ ಹೊಲಿದ ದರ್ಜಿಯ ಹೆಸರನ್ನು ಒಬ್ಬರಿಗೆ ಹೇಳುವುದಕ್ಕೆ ನಮಗೆ ಖರ್ಚಿಲ್ಲ. ಅವನಿಗೆ ಅದು ಬಂಡವಾಳಕ್ಕೆ ಸಮಾನ. ಸಣ್ಣ ವರ್ತಕನು ನಂಬಿಕೆಯನ್ನು ಗಳಿಸುವ ಕೆಲಸವನ್ನು ತಾನು ಮಾಡಲಿ. ಅದನ್ನು ಇನ್ನೊಂದು ಮನೆಗೆ ಮುಟ್ಟಿಸುವ ಕೆಲಸ ಕೊಂಡವರದು.